ಲಾಳಿಯ ಎಂಜಲು

ನಮ್ಮ ಮಾಸ್ತರರ ಮೇಲ್ದುಟಿ ನಡುಮಧ್ಯೆ ಸೀಳಿತ್ತು. ಹುಟ್ಟಿನಿಂದ ಬಂದ ಸೀಳಲ್ಲ, ಹೊಲಿಗೆ ಬಿದ್ದ ಸೀಳು. ಹೊಲಿದ ಡಾಕ್ಟರು ಅವಸರದಲ್ಲಿದ್ದರೋ ಏನೋ, ಎರಡು ಅಂಚು ಸರಿಯಾಗಿ ಕೂಡದೆ ಒಂದು ಚೂರು ಮೇಲೆ, ಒಂದು ಚೂರು ಕೆಳಗೆ ನಿಂತಿದ್ದವು. ಅದರ ಹಿಂದೆ ಒಂದು ಹಲ್ಲು ಇರಲಿಲ್ಲ. ಚಹಾ ಕುಡಿಯುವಾಗ ಬಸಿಯನ್ನು ಎಡಕ್ಕೆ ಓರೆ ಹಿಡಿಯುತ್ತಿದ್ದರು. ಕೀರ್ತನೆ ಹಾಡುವಾಗ ನಡುನಡುವೆ ಒಂದು ಸಣ್ಣ ಸಿಳ್ಳು ಸೇರಿಕೊಳ್ಳುತ್ತಿತ್ತು. ಯಾರಾದರೂ ಏನಾಯಿತೆಂದು ಕೇಳಿದರೆ, ಲಾಳಿ ಮುತ್ತು ಕೊಟ್ಟಿತು ಎಂದು ನಕ್ಕು ಮಾತು ಮುಗಿಸುತ್ತಿದ್ದರು.

ಅಹಮದಾಬಾದಿನಲ್ಲಿ ಅವರು ಹೋಗುತ್ತಿದ್ದ ಚರ್ಚಿನವರು ಈಗ ಸ್ಮರಣ ಸಂಚಿಕೆ ತರುತ್ತಿದ್ದಾರಂತೆ. ಮಾಸ್ತರರನ್ನು ಕಣ್ಣಾರೆ ಕಂಡವನು ನಾನೊಬ್ಬ ಉಳಿದಿದ್ದೇನೆಂದು ತಿಳಿದು ನನಗೊಂದು ಕಾಗದ ಹಾಕಿದ್ದಾರೆ. ಅದರಲ್ಲೇ ಒಂದು ಸಲಹೆಯೂ ಇದೆ: ಅವರು ಸೌಮ್ಯ ಸ್ವಭಾವದವರು, ಸಭೆಯ ಹಿರಿಯರ ಮಾತು ಮೀರದವರು, ಈ ಧಾಟಿಯಲ್ಲಿ ಒಂದು ಪುಟ ಬರೆದುಕೊಟ್ಟರೆ ಸಾಕು. ನಾನು ಆ ಧಾಟಿಯಲ್ಲಿ ಬರೆಯುವುದಿಲ್ಲ. ಅದೇ ಸಭೆ ಅವರನ್ನು ಆರು ತಿಂಗಳು ಕರ್ತನ ಭೋಜನದಿಂದ, ಅಂದರೆ ಎಲ್ಲರೂ ಒಂದೇ ಪಾತ್ರೆಯ ದ್ರಾಕ್ಷಾರಸ ಕುಡಿಯುವ ಸಂಸ್ಕಾರದಿಂದ, ಹೊರಗಿಟ್ಟಿತ್ತು. ಸೌಮ್ಯರನ್ನು ಯಾರೂ ಹೊರಗಿಡುವುದಿಲ್ಲ. ಇನ್ನು ಆ ತುಟಿಯ ವಿಷಯ. ಅದನ್ನು ಸೀಳಿದವನು ನಾನು. ಅಷ್ಟನ್ನು ಬಿಟ್ಟು ಅವರ ಬಗ್ಗೆ ಒಂದು ಸಾಲು ಬರೆದರೂ ಅದು ಸುಳ್ಳಾಗುತ್ತದೆ.

ನಾನು ಬೆಟಗೇರಿಯ ನೇಕಾರರ ಓಣಿಯವನು. ಅಪ್ಪನಿಗೆ ಎರಡು ಕೈಮಗ್ಗ, ಆರು ಮಕ್ಕಳು. ಅರವತ್ತರ ದಶಕದ ಮೊದಲಲ್ಲಿ, ಗುಜರಾತ್ ಬೇರೆ ರಾಜ್ಯವಾದ ಹೊಸತು, ಅಹಮದಾಬಾದಿನ ಗಿರಣಿಯೊಂದರಲ್ಲಿ ನಮ್ಮೂರಿನವರೊಬ್ಬರು ನೇಯ್ಗೆ ಮಾಸ್ತರರಾಗಿದ್ದಾರೆ, ಬರೆದು ಕೇಳಿದರೆ ಕೆಲಸ ಕೊಡಿಸುತ್ತಾರೆ ಎಂದು ಯಾರೋ ಹೇಳಿದರು. ಅಪ್ಪ ಬರೆದರು, ಎಂಟೇ ದಿನಕ್ಕೆ ಉತ್ತರ ಬಂತು. ನನಗಾಗ ಇಪ್ಪತ್ತೆರಡು. ಹೊರಡುವಾಗ ಅವ್ವ ನನ್ನನ್ನು ಒಳಗೆ ಕರೆದು ಹೇಳಿದಳು: "ಅವರು ಕಿರಿಸ್ತಾನರಂತ. ಕೆಲಸ ಕೊಟ್ರ ತಗೋ. ನೀರು ಕೊಟ್ರ ಬ್ಯಾಡ."

ಅಹಮದಾಬಾದಿನ ಕಾಲುಪುರ ಸ್ಟೇಷನ್ನಿಗೆ ಮಾಸ್ತರರೇ ಬಂದಿದ್ದರು. ಗಿಡ್ಡ ಆಳು, ಬಿಳಿ ಪ್ಯಾಂಟು, ಮೇಲೆ ಕಪ್ಪು ಕೋಟು, ಆ ಬಿಸಿಲಿನಲ್ಲೂ ಕೋಟು. ತುಟಿ ಆಗಿನ್ನೂ ಸರಿಯಾಗಿತ್ತು. ತಂಬಿಗೆಯಲ್ಲಿ ನೀರು ತಂದಿದ್ದರು. ಎರಡು ದಿನ ರೈಲಿನಲ್ಲಿ ಬೆಂದು ಬಂದವನು ನಾನು, ನೀರಡಿಕೆ ಇಲ್ಲ ಎಂದೆ. ಅವರು ನನ್ನ ಮುಖ ನೋಡಿದರು, ತಂಬಿಗೆಯನ್ನು ಅಲ್ಲೇ ಬಗ್ಗಿಸಿ ಚೆಲ್ಲಿದರು, ನನ್ನ ತೋಳು ಹಿಡಿದು ಪ್ಲಾಟ್‌ಫಾರ್ಮಿನ ನಳದ ಹತ್ತಿರ ನಿಲ್ಲಿಸಿ ಕುಡಿ ಎಂದರು. ಹೊಟ್ಟೆ ತುಂಬ ಕುಡಿದೆ. ನಾನು ಬಾಯಿ ಒರೆಸಿಕೊಳ್ಳುವಾಗ ಅವರೆಂದರು: "ಇವತ್ತ ನಳ ಐತಿ, ಪಾರಾದಿ. ನಾಳೆ ಗಿರಣ್ಯಾಗ ಲಾಳಿ ಬಾಯಿಗೆ ಹಚ್ಚಬೇಕಾಕ್ಕೈತಿ. ಆವಾಗ ಏನು ಮಾಡ್ತಿ, ನೋಡೂನು."

ಗಿರಣಿಯ ಮಗ್ಗ ಕಾಣದವರಿಗೆ ಇದನ್ನು ಬಿಡಿಸಿ ಹೇಳಬೇಕು. ಲಾಳಿಯೆಂದರೆ ಹೊಕ್ಕಿನ ನೂಲನ್ನು ಹೊತ್ತು ಅತ್ತಿಂದಿತ್ತ ಓಡುವ, ಎರಡು ತುದಿಗೆ ಉಕ್ಕಿನ ಮೊನೆಯಿರುವ ಮರದ ತುಂಡು. ಅದರ ಪಕ್ಕದಲ್ಲಿ ಒಂದು ಸಣ್ಣ ಕಣ್ಣು. ನೂಲಿನ ಕಂಡಿಕೆ ಮುಗಿದಾಗಲೆಲ್ಲ ಹೊಸದು ಹಾಕಿ, ಆ ಕಣ್ಣಿಗೆ ಬಾಯಿ ಹಚ್ಚಿ ಉಸಿರು ಎಳೆದರೆ ನೂಲು ಹೊರಗೆ ಬರುತ್ತದೆ. ಒಂದು ಪಾಳಿಯಲ್ಲಿ ಎಷ್ಟು ಸಲವೋ, ಲೆಕ್ಕವಿಲ್ಲ. ಪಾಳಿ ಮುಗಿದರೆ ಅದೇ ಮಗ್ಗ, ಅದೇ ಲಾಳಿ, ಮುಂದಿನವನ ಬಾಯಿಗೆ. ನಮ್ಮ ಮನೆಯಲ್ಲೂ ಹೀಗೇ ಎಳೆಯುತ್ತಿದ್ದೆವು, ಆದರೆ ಅಲ್ಲಿ ಅಪ್ಪನ ಎಂಜಲು ಮಗನಿಗೆ, ಮಗನದು ಅಪ್ಪನಿಗೆ. ಗಿರಣಿಯಲ್ಲಿ ಯಾರದೋ ಎಂಜಲು ಯಾರಿಗೋ. ಅದಕ್ಕೇ ಅಹಮದಾಬಾದಿನ ಗಿರಣಿಗಳಲ್ಲಿ ಒಂದು ಕಟ್ಟಳೆ ಇತ್ತು, ಯಾವ ಗೋಡೆಯ ಮೇಲೂ ಬರೆಯದ ಕಟ್ಟಳೆ: ಹೊಲಗೇರಿಯಿಂದ ಬಂದವರು ನೂಲುವ ಖಾತೆಯಲ್ಲಿ ದುಡಿಯಬಹುದು, ನೇಯ್ಗೆ ಖಾತೆಯ ಬಾಗಿಲು ದಾಟುವಂತಿಲ್ಲ. ಅವರಲ್ಲಿ ಎಷ್ಟೋ ಮಂದಿ ತಲೆತಲಾಂತರದಿಂದ ನೇಕಾರರು. ಆದರೂ ಮಗ್ಗ ಮುಟ್ಟುವಂತಿಲ್ಲ. ಬಾಯಿಯ ಗೊಡವೆಯೇ ಬೇಡ, ಎಲ್ಲರಿಗೂ ಒಂದೊಂದು ತಂತಿಯ ಕೊಕ್ಕೆ ಕೊಡಿಸಿ ಎಂದು ಮಾಸ್ತರರು ಮ್ಯಾನೇಜರರಿಗೆ ಎರಡು ಸಲ ಹೇಳಿದ್ದರಂತೆ. ಕೊಕ್ಕೆಯಿಂದ ಹೊತ್ತು ಹೆಚ್ಚು ಹಿಡಿಯುತ್ತದೆ, ಬೇಡ ಎಂದರಂತೆ.

ನಾನು ಮಾಸ್ತರರ ಮನೆಯ ಹಿಂದಿನ ಚಾಳಿನಲ್ಲಿ ಖೋಲಿ ಹಿಡಿದೆ. ಭಾನುವಾರ ಅವರ ಮನೆಗೆ ಹೋಗುತ್ತಿದ್ದೆ, ಕನ್ನಡ ಕೇಳುವ ಆಸೆಗೆ. ಅವರ ಹೆಂಡತಿಯನ್ನು ನಾವೆಲ್ಲ ಬಾಯಾರು ಎನ್ನುತ್ತಿದ್ದೆವು. ಬಾಯಾರು ರೊಟ್ಟಿ ಬಡಿಯುತ್ತಿದ್ದರು, ನಾನು ಹಸಿವಿಲ್ಲ ಎನ್ನುತ್ತಿದ್ದೆ. ಮೂರನೆಯ ವಾರಕ್ಕೆ ಹಸಿವಿದೆ ಎಂದೆ. ಅವ್ವ ರೊಟ್ಟಿಯ ಮಾತು ಎತ್ತಿರಲಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ.

ಊಟಕ್ಕೆ ಮುಂಚೆ ಮಾಸ್ತರರು ಸುವಾರ್ತೆಯ ಒಂದು ಭಾಗ ಓದುತ್ತಿದ್ದರು. ಓದುವುದೆಂದರೆ ಜಗಳವಾಡಿದ ಹಾಗೆ. ಒಂದು ವಚನ ಓದಿ, ನಿಲ್ಲಿಸಿ, ಇದು ಹೆಂಗ ಆಗಿರಬೇಕು, ಯಾರು ಎಲ್ಲಿ ನಿಂತಿರಬೇಕು ಎಂದು ಕೇಳುವರು. ಯೇಸುವನ್ನು ಶಿಲುಬೆಗೆ ಹಾಕಿದ ಸಿಪಾಯಿಗಳು ಅವನ ಬಟ್ಟೆ ಹಂಚಿಕೊಂಡದ್ದೂ, ಒಳಂಗಿಗೆ ಹೊಲಿಗೆಯೇ ಇಲ್ಲದ್ದರಿಂದ ಹರಿಯಲು ಮನಸ್ಸಾಗದೆ ಚೀಟಿ ಹಾಕಿದ್ದೂ ಅವರಿಗೆ ತುಂಬ ಹಿಡಿಸಿದ ಭಾಗ. ಹೊಲಿಗೆ ಇಲ್ಲದ ಅಂಗಿ ಹೇಗೆ ಎಂದು ಪಾದ್ರಿಗಳಿಗೆ ಗೊತ್ತಾಗುವುದಿಲ್ಲ, ನೇಕಾರನಿಗೆ ಗೊತ್ತು ಎನ್ನುತ್ತಿದ್ದರು. ಎರಡು ಪದರ ಹಾಸು ಹೂಡಬೇಕು. ಲಾಳಿ ಮೇಲಿನ ಪದರದಲ್ಲಿ ಹೋಗಿ ಕೆಳಗಿನ ಪದರದಲ್ಲಿ ತಿರುಗಿ ಬರಬೇಕು. ಹಾಗೆ ಸುತ್ತುತ್ತ ಹೋದರೆ ಬಟ್ಟೆ ಕೊಳವೆಯಾಗಿ ಇಳಿಯುತ್ತದೆ. ರೊಟ್ಟಿ ಆರುತ್ತದೆಂದು ಬಾಯಾರು ಗೊಣಗಿದರೂ ಕಿವಿಗೆ ಹಾಕಿಕೊಳ್ಳದೆ, ಎರಡು ಅಂಗೈ ಒಂದರ ಮೇಲೊಂದು ಹಿಡಿದು ನನಗೆ ತೋರಿಸುತ್ತಿದ್ದರು. "ಒಂದ ಲಾಳಿ ಆಗಬೇಕು, ತಿಳೀತಿಲ್ಲೋ? ಮ್ಯಾಲಿಂದಕ್ಕೊಂದು, ಕೆಳಗಿಂದಕ್ಕೊಂದು ಲಾಳಿ ಹಾಕಿದಿ ಅಂದ್ರ, ಅಂಗಿ ಆಗೂದಿಲ್ಲ. ಎರಡು ಅರಿವಿ ಆಕ್ಕಾವು."

ತಮ್ಮ ಮನೆತನದ ಕಥೆಯನ್ನೂ ಅವರು ಹೀಗೇ ಮುಚ್ಚುಮರೆ ಇಲ್ಲದೆ ಹೇಳಿದ್ದರು. ಅವರ ಅಜ್ಜ ನಮ್ಮದೇ ಓಣಿಯ ನೇಕಾರ. ಬರಗಾಲದ ಮೇಲೆ ಬರಗಾಲ ಬಿದ್ದಾಗ ಮಿಷನ್ನಿನವರು ಮಗ್ಗ ಕೊಟ್ಟರು, ಅಕ್ಷರ ಕಲಿಸಿದರು. ಅಜ್ಜ ದೀಕ್ಷಾಸ್ನಾನ ತೆಗೆದುಕೊಂಡ. ಅದರ ಮರುದಿನವೇ ಓಣಿಯ ಬಾವಿ ಅವನಿಗೆ ಮುಚ್ಚಿತು. ಇಲ್ಲಿಯವರೆಗೆ ಎಲ್ಲ ಕ್ರೈಸ್ತ ಮನೆಗಳಲ್ಲೂ ಹೇಳುವ ಕಥೆ. ಮಾಸ್ತರರು ಅದರಾಚೆಯದನ್ನೂ ಹೇಳುತ್ತಿದ್ದರು. ಊರಿನ ಮೊದಲ ಕರ್ತನ ಭೋಜನದ ದಿನ, ದ್ರಾಕ್ಷಾರಸದ ಪಾತ್ರೆ ಕೈಯಿಂದ ಕೈಗೆ ಬಂತು. ಅಜ್ಜನಿಗೆ ಮುಂಚೆ ಕುಡಿದವನು ಚಮ್ಮಾರರ ಕೇರಿಯವನು. ಅಜ್ಜ ಪಾತ್ರೆ ಮುಟ್ಟದೆ ಎದ್ದು ಹೊರಗೆ ಹೋದ. "ಬಾವಿ ಮುಚ್ಚಿದ್ರಂತ ಊರ ತುಂಬ ಅಳತಿದ್ದ ಮನಶಾ, ತನ್ನ ಬಾಯಿ ಮುಚ್ಚಿಕೊಂಡು ಹೋದ. ಎರಡು ವರ್ಷ ಕುಡೀಲಿಲ್ಲ. ನಾ ಅವನ ಮೊಮ್ಮಗ. ನನಗ ಬಾಕಿ ಕೆಲಸ ಐತಿ," ಎಂದರು. ಆಗ ನನಗೆ ಅದು ಹಳೆಯ ಕಾಲದ ಕಥೆಯಾಗಿ ಕೇಳಿಸಿತು.

ಬಾಕಿ ಕೆಲಸ ಪುಂಜಾಭಾಯಿಯ ರೂಪದಲ್ಲಿ ಬಂತು. ಪುಂಜಾಭಾಯಿ ನೂಲುವ ಖಾತೆಯವನು, ನನಗಿಂತ ಹತ್ತು ವರ್ಷ ದೊಡ್ಡವನು, ಖೇಡಾ ಜಿಲ್ಲೆಯ ಹಳ್ಳಿಯ ವಣಕರ. ವಣಕರನೆಂದರೆ ನೇಕಾರ, ಆದರೆ ಊರ ಹೊರಗಿನ ನೇಕಾರ. ಅವನಪ್ಪ ಕ್ರೈಸ್ತನಾಗಿದ್ದ. ಪುಂಜಾಭಾಯಿ ಮಾಸ್ತರರ ಚರ್ಚಿಗೇ ಬರುತ್ತಿದ್ದ, ಹಿಂದೆ ಚಾಪೆಯ ಮೇಲೆ ಕೂಡುತ್ತಿದ್ದ. ಒಮ್ಮೆ ಅವನ ಹಳ್ಳಿಗೆ ಹೋದ ಮಾಸ್ತರರು ಅವನು ಕೈಮಗ್ಗದಲ್ಲಿ ನೇಯ್ದ ಹೊದಿಕೆ ನೋಡಿ ಬಂದರು. ಮರುವಾರವೇ ಅವನನ್ನು ನೇಯ್ಗೆ ಖಾತೆಯ ಕಿಟಕಿ ಪಕ್ಕದ ಎರಡು ಮಗ್ಗಕ್ಕೆ ಹಾಕಿದರು.

ಖಾತೆಯಲ್ಲಿ ಗದ್ದಲವಾಗಲಿಲ್ಲ. ನೇಕಾರರೆಲ್ಲ ಮಗ್ಗ ನಿಲ್ಲಿಸಿ ಸುಮ್ಮನೆ ನಿಂತರು. ಆಳುಗಳ ಮೇಲೆ ಕಣ್ಣಿಡುವ ಜಾಬರ್ ಅಂಬಾಲಾಲ ಮಾಸ್ತರರ ಹತ್ತಿರ ಬಂದು ಮರ್ಯಾದೆಯಿಂದಲೇ ಹೇಳಿದ: ಅವನು ನೇಯಲಿ, ನಮಗೇನು? ಆದರೆ ಅವನ ಪಾಳಿ ಮುಗಿದ ಮೇಲೆ ಆ ಲಾಳಿಗೆ ಬಾಯಿ ಹಚ್ಚುವವನು ಈ ಖಾತೆಯಲ್ಲಿ ಒಬ್ಬನೂ ಇಲ್ಲ. ಪಾಳಿ ಬದಲಿಗೆ ಆಳಿಲ್ಲದೆ ಮಗ್ಗ ನಿಂತರೆ ನೀವೇ ಜವಾಬ್ದಾರರು. ಮಾಸ್ತರರು ತಿರುಗಿ ನನ್ನ ಕಡೆ ಕೈ ತೋರಿಸಿದರು. ಒಬ್ಬನಿದ್ದಾನೆ, ನಮ್ಮೂರಿನವನು ಎಂದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ನನಗೆ ಸಿಟ್ಟು ಬಂತು, ಇವತ್ತಿಗೂ ಅದರಲ್ಲಿ ಸ್ವಲ್ಪ ಉಳಿದಿದೆ. ಆದರೆ ಅವರ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನುವ ಧೈರ್ಯವಿರಲಿಲ್ಲ. ತಲೆ ಅಲ್ಲಾಡಿಸಿದೆ.

ಬೆಳಗಿನ ಪಾಳಿ ಪುಂಜಾಭಾಯಿಯದು, ಮಧ್ಯಾಹ್ನ ಮೂರಕ್ಕೆ ಗಿರಣಿಯ ಭೋಂಗಾ ಕೂಗಿದ ಮೇಲೆ ನನ್ನದು. ಅವನು ಹೋಗುವ ಮುಂಚೆ ಮಗ್ಗ ಒರೆಸಿ, ಎಣ್ಣೆ ಬಿಟ್ಟು, ಲಾಳಿಗಳನ್ನು ಒಪ್ಪವಾಗಿ ಇಟ್ಟು, ನನಗೆ ಸಲಾಮು ಹೇಳಿ ಹೋಗುತ್ತಿದ್ದ. ನಾನು ಸೊಂಟದಲ್ಲಿ ಒಂದು ತಂತಿಯ ಕೊಕ್ಕೆ ಅಡಗಿಸಿಟ್ಟುಕೊಂಡಿದ್ದೆ. ಯಾರೂ ನೋಡದಾಗ ಕೊಕ್ಕೆಯಿಂದ ನೂಲು ಎಳೆಯುತ್ತಿದ್ದೆ, ಯಾರಾದರೂ ನೋಡಿದರೆ ಬಾಯಿ ಹತ್ತಿರ ಒಯ್ದ ಹಾಗೆ ಮಾಡುತ್ತಿದ್ದೆ. ಹತ್ತು ದಿನ ನಡೆಯಿತು. ಬಟ್ಟೆ ಕಡಿಮೆ ಇಳಿಯುತ್ತಿದೆಯೆಂದು ಅಂಬಾಲಾಲ ಬಂದು ಬೆನ್ನ ಹಿಂದೆ ನಿಲ್ಲತೊಡಗಿದ ಮೇಲೆ ಕೊಕ್ಕೆ ತೆಗೆಯಲು ಆಗಲಿಲ್ಲ. ಆಗ ನನಗೆ ಹೊಳೆದ ಉಪಾಯ ನೇಕಾರನ ಮಗನಿಗೆ ಹೊಳೆಯಬಾರದ್ದು. ಪಾಳಿ ಬದಲಾಗುವ ಗಲಿಬಿಲಿಯಲ್ಲಿ ಎರಡೂ ಲಾಳಿಗಳನ್ನು ಪಂಚೆಯಲ್ಲಿ ಸುತ್ತಿ ಮೋರಿಗೆ ಒಯ್ದು, ನೀರಿನಲ್ಲಿ ಅದ್ದಿ, ಬೂದಿ ಹಚ್ಚಿ ತಿಕ್ಕಿ ತೊಳೆದೆ. ಮರುದಿನವೂ ತೊಳೆದೆ. ಅದರ ಮರುದಿನವೂ.

ಮರ ನೀರು ಕುಡಿದರೆ ಉಬ್ಬುತ್ತದೆ. ಉಬ್ಬಿದ ಲಾಳಿ ತನ್ನ ಗೂಡಿನಲ್ಲಿ ಬಿಗಿಯಾಗುತ್ತದೆ, ನೇರ ಓಡುವುದಿಲ್ಲ. ಇದನ್ನು ನನ್ನ ಅಪ್ಪ ನನಗೆ ಏಳನೆಯ ವಯಸ್ಸಿನಲ್ಲಿ ಹೇಳಿಕೊಟ್ಟಿದ್ದರು. ಆ ಮೂರನೆಯ ದಿನವೇ, ನಾನು ತೊಳೆದ ಲಾಳಿ ಹಾಕಿ ಮಗ್ಗ ಶುರುಮಾಡುವ ಹೊತ್ತಿಗೆ, ಮಾಸ್ತರರು ನಮ್ಮ ಮಗ್ಗ ಹೇಗೆ ನಡೆದಿದೆ ನೋಡೋಣವೆಂದು ಬಂದು ಪಕ್ಕದಲ್ಲಿ ಬಗ್ಗಿ ನಿಂತಿದ್ದರು. ಲಾಳಿ ಓರೆಯಾಗಿ ಎದ್ದು, ಮಗ್ಗ ಬಿಟ್ಟು ಹಾರಿ, ಉಕ್ಕಿನ ಮೊನೆ ಅವರ ಬಾಯಿಗೆ ಬಡಿಯಿತು.

ನಾನು ಮಗ್ಗ ನಿಲ್ಲಿಸಿದೆ. ಪಾಳಿ ಮುಗಿಸಿ ಬಾಗಿಲವರೆಗೆ ಹೋಗಿದ್ದ ಪುಂಜಾಭಾಯಿ ಓಡಿಬಂದು, ಹೆಗಲ ಮೇಲಿನ ಟವೆಲನ್ನು ಮಡಚಿ ಮಾಸ್ತರರ ಬಾಯಿಗೆ ಒತ್ತಿ ಹಿಡಿದ. ಅವನ ಅಂಗಿಯೆಲ್ಲ ರಕ್ತ. ಬೆಳಗಿನಿಂದ ಅವನೇ ಈ ಮಗ್ಗದಲ್ಲಿದ್ದ, ಏನೋ ಸಡಿಲ ಬಿಟ್ಟಿದ್ದಾನೆ, ಇವರಿಗೆ ಮಗ್ಗ ಕೊಟ್ಟರೆ ಇದೇ ಆಗುವುದು ಎಂದು ಯಾರೋ ಶುರುಮಾಡಿದರು, ಉಳಿದವರು ಉಪ್ಪುಖಾರ ಹಚ್ಚಿದರು. ಪುಂಜಾಭಾಯಿ ಟವೆಲು ಒತ್ತಿ ಹಿಡಿದೇ ಇದ್ದ. ಮಾತಾಡಬೇಕಾದವನು ನಾನು. ನನ್ನ ನಾಲಿಗೆ ಬಿದ್ದುಹೋಗಿತ್ತು. ಮಾಸ್ತರರು ಮಾತ್ರ ನೆಲದ ಮೇಲಿದ್ದ ಲಾಳಿಯನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಅದು ಇನ್ನೂ ತಣ್ಣಗೆ ಒದ್ದೆಯಾಗಿತ್ತು. ನನ್ನನ್ನು ನೋಡಿದರು. ಲಾಳಿಯನ್ನು ಕೋಟಿನ ಜೇಬಿಗೆ ಇಳಿಬಿಟ್ಟು ಆಸ್ಪತ್ರೆಗೆ ಹೋದರು.

ಮ್ಯಾನೇಜರರಿಗೆ ಅವರು ಚೀಟಿಯಲ್ಲಿ ಬರೆದುಕೊಟ್ಟದ್ದು, ಮಗ್ಗ ಪರೀಕ್ಷಿಸದೆ ಹತ್ತಿರ ನಿಂತದ್ದು ತಮ್ಮದೇ ತಪ್ಪು ಎಂದು. ಮ್ಯಾನೇಜರರು ಅದನ್ನು ನಂಬಲಿಲ್ಲ. ತಿಂಗಳ ಕೊನೆಯೊಳಗೆ ಪುಂಜಾಭಾಯಿಯನ್ನು ನೂಲುವ ಖಾತೆಗೆ ವಾಪಸು ಕಳಿಸಿ ಎಂದರು. ಕಳಿಸುವುದಾದರೆ ತಮ್ಮನ್ನು ಮೊದಲು ಕಳಿಸಿ ಎಂದು ಮಾಸ್ತರರು ಇನ್ನೊಂದು ಚೀಟಿ ಬರೆದರು. ಬಾಯಿ ಹೊಲಿದಿದ್ದರೂ ಅವರ ಜಗಳ ನಿಂತಿರಲಿಲ್ಲ.

ಗುರುವಾರ ಅಂಬಾಲಾಲ ನಾಲ್ಕು ಮಂದಿಯ ಜೊತೆ ಮನೆಗೆ ನೋಡಲು ಬಂದ. ಹಣ್ಣು ತಂದಿದ್ದ. ಹೋಗುವಾಗ ನಯವಾಗಿ ಒಂದು ಪ್ರಶ್ನೆ ಕೇಳಿದ: ಸಾಹೇಬ್, ಲಾಳಿಗೆ ನಾವು ಬಾಯಿ ಹಚ್ಚಬೇಕು ಅನ್ನುತ್ತೀರಿ, ನಿಮ್ಮ ದೇವರ ಮನೆಯಲ್ಲಿ ನಿಮ್ಮವರು ಪುಂಜಾಭಾಯಿಯ ಎಂಜಲು ಕುಡಿಯುತ್ತಾರೆಯೇ? ಮಾಸ್ತರರ ಕಣ್ಣು ಹೊಳೆಯಿತು. ಭಾನುವಾರ ಬಂದು ನೋಡು ಎಂದು ಬರೆದು ತೋರಿಸಿದರು. ಅಲ್ಲೇ ಮೂಲೆಯಲ್ಲಿದ್ದ ನನಗೂ ಬಾ ಎಂದು ಕೈಸನ್ನೆ ಮಾಡಿದರು.

ಅವರು ಮಲಗಿದ್ದ ವಾರದಲ್ಲೇ ಚರ್ಚಿನಲ್ಲಿ ಒಂದು ಬದಲಾವಣೆ ಆಗಿತ್ತು, ಅದು ಅವರಿಗೆ ಗೊತ್ತಿರಲಿಲ್ಲ. ಆ ಸಭೆಯಲ್ಲಿ ಮುಂದೆ ಬೆಂಚುಗಳು, ಹಿಂದೆ ಚಾಪೆ. ಬೆಂಚಿನ ಮೇಲೆ ಮೇಷ್ಟ್ರುಗಳು, ಗುಮಾಸ್ತರು, ರೈಲ್ವೆಯವರು. ಚಾಪೆಯ ಮೇಲೆ ಗಿರಣಿಯವರು. ಹೆಚ್ಚಿನವರೆಲ್ಲ ಎರಡು ತಲೆಮಾರಿನ ಹಿಂದೆ ಒಂದೇ ಕೇರಿಯಿಂದ ಬಂದವರು, ಕೆಲವರಿಗೆ ಬೆಂಚು ಸಿಕ್ಕಿತ್ತು ಅಷ್ಟೆ. ಪಾನನಿರೋಧದ ರಾಜ್ಯ, ದ್ರಾಕ್ಷಾರಸವೆಂದರೆ ಬಾಯಾರು ಒಣದ್ರಾಕ್ಷಿ ಕುದಿಸಿ ಸೋಸಿದ ರಸ. ಅದನ್ನು ಒಂದು ಬೆಳ್ಳಿಯ ಪಾತ್ರೆಗೆ ಸುರಿದು, ಕೈಯಿಂದ ಕೈಗೆ ದಾಟಿಸಿ ಎಲ್ಲರೂ ಒಂದೊಂದು ಗುಟುಕು ಕುಡಿಯುವುದು ರೂಢಿ. ಆ ಭಾನುವಾರ ಪಾತ್ರೆಯ ಪಕ್ಕದಲ್ಲಿ ಒಂದು ತಟ್ಟೆ ಇತ್ತು, ತಟ್ಟೆಯ ತುಂಬ ರಸ ಹಾಕಿದ ಹೆಬ್ಬೆರಳಿನಷ್ಟು ಗಾಜಿನ ಲೋಟಗಳು. ಚಾಳುಗಳಲ್ಲಿ ಕ್ಷಯ ಹೆಚ್ಚಾಗಿದೆ, ಆರೋಗ್ಯದ ದೃಷ್ಟಿಯಿಂದ ಈ ಏರ್ಪಾಡು ಎಂದು ಪಾದ್ರಿಗಳು ಹೇಳಿದರು. ಲೋಟಗಳು ಇಪ್ಪತ್ತನಾಲ್ಕೇ ಇರುವುದರಿಂದ ಸದ್ಯ ಬೆಂಚಿನವರಿಗೆ ಲೋಟ, ಚಾಪೆಯವರಿಗೆ ಪಾತ್ರೆ.

ನಾನೂ ಅಂಬಾಲಾಲನೂ ಬಾಗಿಲ ಹತ್ತಿರ ನಿಂತಿದ್ದೆವು. ಅಂಬಾಲಾಲ ನಗಲಿಲ್ಲ, ಆದರೆ ನನ್ನ ಕಡೆ ತಿರುಗಿ ಹುಬ್ಬು ಏರಿಸಿದ. ತಟ್ಟೆ ಮೊದಲ ಬೆಂಚಿಗೆ, ಮಾಸ್ತರರ ಹತ್ತಿರ ಬಂತು. ಅವರು ತಟ್ಟೆಯನ್ನೇ ಕೈಗೆ ತೆಗೆದುಕೊಂಡರು, ಎದ್ದರು, ಮೇಜಿನ ಹತ್ತಿರ ಹೋದರು. ಒಂದು ಲೋಟ ಎತ್ತಿ ಬೆಳ್ಳಿಯ ಪಾತ್ರೆಗೆ ಸುರಿದರು. ಇನ್ನೊಂದು ಎತ್ತಿದರು. ಪಾದ್ರಿಗಳು ಮೆಲ್ಲಗೆ ಏನೋ ಹೇಳಿ ಕೈ ಅಡ್ಡ ತಂದರು, ಇವರು ಸೊಪ್ಪು ಹಾಕಲಿಲ್ಲ. ಅವಸರವಿಲ್ಲದೆ, ಒಂದು ಹನಿ ಹೊರಗೆ ಚೆಲ್ಲದ ಹಾಗೆ, ಇಪ್ಪತ್ತನಾಲ್ಕು ಲೋಟವನ್ನೂ ಬರಿದು ಮಾಡಿದರು. ಗಾಜು ತಟ್ಟೆಗೆ ತಗಲುವ ಸದ್ದು ಬಾಗಿಲವರೆಗೂ ಕೇಳುತ್ತಿತ್ತು. ಆಮೇಲೆ ಪಾತ್ರೆ ಹಿಡಿದುಕೊಂಡು ಬೆಂಚುಗಳ ನಡುವೆ ನಡೆದು ಹಿಂದೆ ಬಂದು, ಚಾಪೆಯ ಮೇಲೆ ಪುಂಜಾಭಾಯಿಯ ಮುಂದೆ ಮೊಣಕಾಲೂರಿ ಕೂತರು. ಪುಂಜಾಭಾಯಿ ಪಾತ್ರೆ ತೆಗೆದುಕೊಂಡು ಕುಡಿದ. ಅದೇ ಅಂಚಿಗೆ ಮಾಸ್ತರರು ಹೊಲಿಗೆ ಹಾಕಿದ ತುಟಿ ಹಚ್ಚಿದರು. ಹುಳಿ ರಸ ಹಸಿ ಗಾಯಕ್ಕೆ ತಾಗಿ ಅವರ ಕಣ್ಣಲ್ಲಿ ನೀರು ಬಂದದ್ದು ನನಗೆ ಕಾಣಿಸಿತು. ಬಾಯಾರು ಬೆಂಚಿನಿಂದ ಎದ್ದು ಬಂದು ಗಂಡನ ಪಕ್ಕ ಕೂತು ಕೈ ಚಾಚಿದರು. ಏಳೆಂಟು ಮಂದಿ ಎದ್ದು ಹೊರಗೆ ಹೋದರು. ಉಳಿದವರು ಕುಡಿದರು, ಕೊನೆಗೆ ಪಾದ್ರಿಗಳೂ.

ಹೊರಗೆ ಬಂದ ಮೇಲೆ ಅಂಬಾಲಾಲ ಮಾಸ್ತರರಿಗೆ ಕೈಮುಗಿದು, ನಿಮ್ಮದೂ ನಮ್ಮಂಥದೇ ಮನೆ ಸಾಹೇಬ್ ಎಂದು ಹೇಳಿ ಸೈಕಲ್ ಹತ್ತಿದ. ಅದನ್ನು ಚುಚ್ಚುಮಾತೆಂದು ತಿಳಿಯಬೇಕೋ ಒಪ್ಪಿಗೆಯೆಂದು ತಿಳಿಯಬೇಕೋ ಇಂದಿಗೂ ಬಗೆಹರಿದಿಲ್ಲ. ನನಗೆ ಅದನ್ನು ಯೋಚಿಸುವ ಸ್ಥಿತಿಯೂ ಇರಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಉರಿಯುತ್ತಿತ್ತು. ಗಾಯದ ಬಾಯಿಯಿಂದ ಅವರು ಕುಡಿದಿದ್ದರು, ಗಾಯ ಮಾಡಿದ ನಾನು ಬಾಗಿಲಲ್ಲಿ ನಿಂತು ನೋಡಿದ್ದೆ.

ಸೋಮವಾರ ಮೂರರ ಭೋಂಗಾ ಕೂಗಿತು. ಪುಂಜಾಭಾಯಿ ಎಂದಿನಂತೆ ಲಾಳಿ ಇಟ್ಟು ಸಲಾಮು ಹೇಳಿದ. ಹೋಗಬೇಡ ಎಂದೆ. ಅಂಬಾಲಾಲನನ್ನು ಕರೆದೆ, ಅಕ್ಕಪಕ್ಕದ ಮಗ್ಗದವರನ್ನೂ ಕರೆದೆ. ನನ್ನ ಗುಜರಾತಿ ಅರೆಬರೆ, ಆದರೂ ಕಡ್ಡಿ ಮುರಿದ ಹಾಗೆ ಹೇಳಿದೆ: ಲಾಳಿ ತೊಳೆದವನು ನಾನು. ಇವನ ಬಾಯಿ ಮುಟ್ಟಿದ್ದೆಂದು ಮೂರು ದಿನ ತೊಳೆದೆ. ಮಾಸ್ತರರ ಬಾಯಿ ಒಡೆದದ್ದು ನನ್ನಿಂದ, ಇವನಿಂದಲ್ಲ. ಪುಂಜಾಭಾಯಿ ನನ್ನ ಹತ್ತಿರ ಬಂದ. ಇಟ್ಟಿದ್ದ ಲಾಳಿಯನ್ನು ತಾನೇ ಎತ್ತಿ, ಹೊಸ ಕಂಡಿಕೆ ಹಾಕಿ, ನನ್ನ ಕೈಗೆ ಕೊಟ್ಟ. ಕಣ್ಣಿಗೆ ಬಾಯಿ ಹಚ್ಚಿ ಎಳೆದೆ. ಗಂಜಿಯ ರುಚಿ, ಎಣ್ಣೆಯ ರುಚಿ, ಅವನು ಜಗಿದ ಸೋಂಪಿನ ವಾಸನೆ. ಅಷ್ಟೇ. ಅಷ್ಟಕ್ಕೆ ನಾನು ಒಬ್ಬ ಮನುಷ್ಯನ ಬಾಯಿ ಒಡೆದಿದ್ದೆ, ಇನ್ನೊಬ್ಬನ ಅನ್ನಕ್ಕೆ ಕೈ ಹಾಕಿದ್ದೆ.

ತಪ್ಪು ಪುಂಜಾಭಾಯಿಯದಲ್ಲ ಎಂದು ಖಾತೆಗೇ ಗೊತ್ತಾದ ಮೇಲೆ, ಪಾಳಿ ಬದಲಿಗೆ ಆಳೂ ಇದ್ದ ಮೇಲೆ, ಮ್ಯಾನೇಜರರಿಗೆ ಅವನನ್ನು ಕಳಿಸಲು ನೆಪ ಉಳಿಯಲಿಲ್ಲ. ನನಗೆ ಎಂಟು ದಿನ ಕೆಲಸವಿಲ್ಲದೆ ಕೂರಿಸುವ ಶಿಕ್ಷೆ ಆಯಿತು. ಆ ಎಂಟು ದಿನ ಪುಂಜಾಭಾಯಿ ಎರಡು ಪಾಳಿಯೂ ತಾನೇ ನಿಂತು ಮಗ್ಗ ಉಳಿಸಿಕೊಂಡ. ಮಾಸ್ತರರಿಗೆ ಸಭೆಯ ಹಿರಿಯರು ವಿಚಾರಣೆ ಇಟ್ಟರು. ಸಂಸ್ಕಾರದ ನಡುವೆ ಹೀಗೇಕೆ ಮಾಡಿದಿರಿ ಎಂದು ಕೇಳಿದ್ದಕ್ಕೆ ಅವರು, ಎಲ್ಲರಿಗೂ ಲೋಟ ಇದ್ದಿದ್ದರೆ ಬಾಯಿ ಬಿಡುತ್ತಿರಲಿಲ್ಲ, ಎರಡು ಲಾಳಿ ಹಾಕಿದರೆ ಎರಡು ಬಟ್ಟೆಯಾಗುತ್ತದೆ ಎಂದರಂತೆ. ಹಿರಿಯರಿಗೆ ತಿಳಿಯಲಿಲ್ಲ. ತಪ್ಪೊಪ್ಪಿಕೊಳ್ಳಿ ಎಂದರು, ಇವರು ಜಗ್ಗಲಿಲ್ಲ. ಆರು ತಿಂಗಳು ಪಾತ್ರೆಯಿಂದ ಕುಡಿಯಬಾರದು ಎಂದು ತೀರ್ಪಾಯಿತು.

ಬೇರೆಯವರಾದರೆ ಮನೆಯಲ್ಲಿ ಕೂರುತ್ತಿದ್ದರು. ಮಾಸ್ತರರು ಒಂದು ಭಾನುವಾರವೂ ತಪ್ಪಿಸಲಿಲ್ಲ. ಬೆಂಚು ಬಿಟ್ಟು ಚಾಪೆಯ ಮೇಲೆ ಪುಂಜಾಭಾಯಿಯ ಪಕ್ಕ ಕೂರತೊಡಗಿದರು. ಪಾತ್ರೆ ಬಂದಾಗ ಪುಂಜಾಭಾಯಿಯಿಂದ ಎರಡು ಕೈಯಲ್ಲಿ ತೆಗೆದುಕೊಂಡು, ಕುಡಿಯದೆ, ಆಚೆಯವನಿಗೆ ದಾಟಿಸುವರು. ಪಾದ್ರಿಗಳು ಆಕ್ಷೇಪಿಸಿದ್ದಕ್ಕೆ ಉತ್ತರ ಸಿದ್ಧವಿತ್ತು: "ಕುಡೀಬ್ಯಾಡ ಅಂದೀರಿ. ಹಿಡೀಬ್ಯಾಡ ಅಂದಿಲ್ಲ." ಆರು ತಿಂಗಳು ಹಾಗೇ ನಡೆಯಿತು. ಗಾಜಿನ ಲೋಟಗಳು ಅಲ್ಮಾರಿಯಿಂದ ಹೊರಗೆ ಬರಲಿಲ್ಲ. ಈಗ ಆ ಚರ್ಚಿನಲ್ಲಿ ಎಲ್ಲರಿಗೂ ಲೋಟವಂತೆ. ಎಲ್ಲರಿಗೂ ಇದ್ದರೆ ಮಾಸ್ತರರ ತಕರಾರಿಲ್ಲ.

ಗಿರಣಿ ಅವರನ್ನು ಬಹಳ ದಿನ ಇಟ್ಟುಕೊಳ್ಳಲಿಲ್ಲ. ವರ್ಷ ತಿರುಗುವುದರೊಳಗೆ, ನಿಮ್ಮ ಅವಶ್ಯಕತೆ ಇಲ್ಲ ಎಂದರು. ಅವರು ಬಡೋದೆಯ ಸಣ್ಣ ಕಾರ್ಖಾನೆಯೊಂದಕ್ಕೆ ಹೋಗಿ ಫತೇಗಂಜಿನಲ್ಲಿ ಮನೆ ಮಾಡಿದರು. ಹುಬ್ಬಳ್ಳಿಯ ಗಿರಣಿಯಿಂದ ನನಗೊಂದು ಕರೆ ಬಂದಿತ್ತು. ನಾನು ಹೋಗಲಿಲ್ಲ. ನಾನು ಹೋದರೆ ಪುಂಜಾಭಾಯಿಯ ಪಾಳಿ ಬದಲಿಗೆ ನಿಲ್ಲುವವರು ಯಾರೆಂದು ಮಾಸ್ತರರು ಕೇಳಿದ್ದರೆ ಪ್ರಾಯಶಃ ಸಿಟ್ಟಿನಿಂದ ಹೋಗಿಬಿಡುತ್ತಿದ್ದೆ. ಅವರು ಕೇಳಲಿಲ್ಲ. ಎರಡು ವರ್ಷಕ್ಕೆ ಪುಂಜಾಭಾಯಿಯ ಲಾಳಿಗೆ ಬಾಯಿ ಹಚ್ಚಲು ಇನ್ನೊಬ್ಬ ಬಂದ, ಆಮೇಲೆ ಮತ್ತೊಬ್ಬ. ಅಂಬಾಲಾಲ ನಿವೃತ್ತನಾಗುವವರೆಗೂ ಆ ಲಾಳಿ ಮುಟ್ಟಲಿಲ್ಲ, ಆದರೆ ಮುಟ್ಟಿದವರನ್ನು ತಡೆಯಲೂ ಇಲ್ಲ.

ನಾನು ಕ್ರೈಸ್ತನಾದೆನೇ ಎಂದು ಊರಿನಲ್ಲಿ ಇಂದಿಗೂ ಕೇಳುತ್ತಾರೆ. ಆಗಲಿಲ್ಲ. ಮಾಸ್ತರರು ಆಗು ಎನ್ನಲೂ ಇಲ್ಲ. ತೊಳೆದ ಲಾಳಿಯ ಮಾತನ್ನಂತೂ ಅವರು ನನ್ನ ಹತ್ತಿರ ಎತ್ತಲೇ ಇಲ್ಲ, ಬೈಯಲಿಲ್ಲ, ಕ್ಷಮಿಸಿದ್ದೇನೆ ಎನ್ನಲೂ ಇಲ್ಲ. ಸೋಮವಾರ ಖಾತೆಯಲ್ಲಿ ನಾನು ಏನು ಹೇಳಿದೆನೆಂದು ಅವರಿಗೆ ತಿಳಿದಿತ್ತು. ಭೇಷ್ ಅನ್ನಲಿಲ್ಲ. ಅವರ ಮೌನ ನನ್ನನ್ನು ಕೊರೆಯುತ್ತಿತ್ತು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅವರ ಎದೆ ಕೆಟ್ಟಿತು. ಎಷ್ಟೋ ವರ್ಷ ಹತ್ತಿಯ ದೂಳು ನುಂಗಿದ ಎದೆ. ಬಾಯಾರು ಕಾಗದ ಹಾಕಿದರು, ನಾನೂ ಪುಂಜಾಭಾಯಿಯೂ ರಜೆ ಹಾಕಿ ಬಡೋದೆಯ ರೈಲು ಹತ್ತಿದೆವು. ಫತೇಗಂಜಿನ ಮನೆಯ ಹೊರಕೋಣೆ, ಬೆಳಗಿನ ಬಿಸಿಲು, ಕಾಲೇಜು ಹುಡುಗರ ಸೈಕಲ್ ಗಂಟೆ. ಮಾಸ್ತರರು ದಿಂಬಿಗೆ ಒರಗಿ ಕೂತಿದ್ದರು, ಆ ಸ್ಥಿತಿಯಲ್ಲೂ ಹೆಗಲ ಮೇಲೆ ಕೋಟು. ಪುಂಜಾಭಾಯಿಯ ಕೈ ಹಿಡಿದು ಮಗ್ಗದ ಯೋಗಕ್ಷೇಮ ಕೇಳಿದರು. ಆಮೇಲೆ ಬಾಯಾರ ಕಡೆ ನೋಡಿದರು. ಬಾಯಾರು ಪೆಟ್ಟಿಗೆಯಿಂದ ಟವೆಲಿನಲ್ಲಿ ಸುತ್ತಿದ ಒಂದು ಗಂಟು ತಂದು ನನ್ನ ತೊಡೆಯ ಮೇಲಿಟ್ಟರು. ಕಂದು ಕಲೆ ಹೋಗದ ಆ ಟವೆಲು ಪುಂಜಾಭಾಯಿಯದು. ಬಿಚ್ಚಿದೆ. ಒಳಗೆ ಆ ಲಾಳಿ. ನೀರು ಆರಿದ ಮೇಲೆ ಮರ ಉದ್ದಕ್ಕೆ ಬಿರುಕು ಬಿಟ್ಟಿತ್ತು.

ಮಾಸ್ತರರು ಉಸಿರು ಕೂಡಿಸಿಕೊಂಡು, ಆ ಸೀಳು ತುಟಿಯಲ್ಲಿ ಸಿಳ್ಳು ಬರಿಸುತ್ತ ಕೇಳಿದರು: "ಒಣಗೇತೇನೋ, ನೋಡು."

ನಾನು ಲಾಳಿ ಎತ್ತಿ, ಕಣ್ಣಿಗೆ ಬಾಯಿ ಹಚ್ಚಿ, ಉಸಿರು ಎಳೆದೆ. ನೂಲಿರಲಿಲ್ಲ, ಬರಿಯ ಗಾಳಿ ಬಂತು. ಬಿರುಕಿನಲ್ಲಿ ಸಣ್ಣಗೆ ಸಿಳ್ಳು ಹೊಡೆಯಿತು, ಅವರ ತುಟಿಯದೇ ಸದ್ದು. ಅವರಿಗೆ ನಗು ಬಂತು, ನಗುವಿನಿಂದ ಕೆಮ್ಮು ಬಂತು. ಪುಂಜಾಭಾಯಿ ಎದ್ದು ಅವರ ಬೆನ್ನು ತಟ್ಟಿದ. "ಒಣಗೇತ್ರಿ ಮಾಸ್ತರ್ರ," ಎಂದೆ. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ನಾಲ್ಕು ದಿನಕ್ಕೆ ಅವರು ತೀರಿಕೊಂಡರು. ಶವದ ಪೆಟ್ಟಿಗೆಗೆ ಹೆಗಲು ಕೊಡಲು ಬಡೋದೆಯ ಸಭೆಯ ದೊಡ್ಡವರು ಮುಂದೆ ಬಂದಾಗ ಬಾಯಾರು, ಒಂದು ಕಡೆಗೆ ಪುಂಜಾಭಾಯಿ, ಇನ್ನೊಂದು ಕಡೆಗೆ ಈ ಹುಡುಗ, ಉಳಿದದ್ದು ನೀವು ಹಂಚಿಕೊಳ್ಳಿ ಎಂದರು. ಈ ಹುಡುಗ ಕ್ರೈಸ್ತನಲ್ಲವಲ್ಲ ಎಂದು ಯಾರೋ ಕೇಳಿದರು. ಬಾಯಾರು ಕಿವಿಗೆ ಹಾಕಿಕೊಳ್ಳಲಿಲ್ಲ. ಪೆಟ್ಟಿಗೆಯನ್ನು ಕುಣಿಗೆ ಇಳಿಸಿದ ಮೇಲೆ ನೀರಡಿಕೆಯಾಗಿತ್ತು. ಪುಂಜಾಭಾಯಿ ತಂಬಿಗೆಯಲ್ಲಿ ನೀರು ತಂದು, ತಾನು ಅರ್ಧ ಕುಡಿದು, ಉಳಿದದ್ದನ್ನು ನನಗೆ ಚಾಚಿದ.

ಸ್ಮರಣ ಸಂಚಿಕೆಯವರಿಗೆ ಇದನ್ನೇ ಕಳಿಸುತ್ತಿದ್ದೇನೆ. ಹಾಕಿದರೆ ಪೂರ್ತಿ ಹಾಕಲಿ. ಸೌಮ್ಯ ಎಂಬ ಮಾತು ಸೇರಿಸಿದರೆ ನನ್ನ ಹೆಸರು ತೆಗೆಯಲಿ. ಲಾಳಿ ನನ್ನ ಮೇಜಿನ ಮೇಲಿದೆ. ಮೊಮ್ಮಕ್ಕಳು ಅದನ್ನು ಪೀಪಿಯೆಂದು ಊದುತ್ತಾರೆ, ಒಬ್ಬರ ಬಾಯಿಂದ ಒಬ್ಬರು ಕಸಿದುಕೊಂಡು. ನಾನು ತೊಳೆಯುವುದಿಲ್ಲ.